ಮೆಣಸು ಕಳ್ಳರ ಇಂಗ್ಲಿಷ್ ಕ್ಲಾಸು

ಮೇ 5, ಸೋಮವಾರ

ಇಪ್ಪತ್ತೇಳು ವರ್ಷದಿಂದ ಈ ಎಸ್ಟೇಟಿನ ರೈಟರ್ ನಾನು. ಆಳುಗಳ ಹಾಜರಿ ಬರೆದಿದ್ದೇನೆ. ಮೈಸೂರಿನಲ್ಲಿರುವ ಸಾಹುಕಾರರಿಗೆ ತಿಂಗಳು ತಿಂಗಳು ಇಂಗ್ಲಿಷಿನಲ್ಲಿ ರಿಪೋರ್ಟ್ ಕಳಿಸಿದ್ದೇನೆ. 'ವಿತ್ ರೆಫರೆನ್ಸ್ ಟು ದಿ ಅಬೋವ್' ಅಂತ ಶುರು ಮಾಡಿ 'ಯುವರ್ಸ್ ಒಬೀಡಿಯಂಟ್ಲಿ' ಅಂತ ಮುಗಿಸುವುದರಲ್ಲಿ ಚೆಟ್ಟಳ್ಳಿ ಸುತ್ತಮುತ್ತ ನನ್ನನ್ನು ಮೀರಿಸಿದವರಿಲ್ಲ. ಅಂಥ ನನ್ನನ್ನು ಇವತ್ತು ಮ್ಯಾನೇಜರ್ ಕೀರ್ತಿಕುಮಾರ್ ಕರೆದು, "ರೈಟ್ರೇ, ನೀವೂ ಇಂಗ್ಲಿಷ್ ಕ್ಲಾಸಿಗೆ ಕೂತ್ಕೊಳ್ಳಿ" ಅಂದರು.

ವಿಷಯ ಇಷ್ಟು. ನಮ್ಮ ಕಾಫಿಗೆ ಅದೇನೋ ಸರ್ಟಿಫಿಕೇಟ್ ಸಿಕ್ಕರೆ ವಿದೇಶದವರು ನೇರವಾಗಿ ಕೊಳ್ಳುತ್ತಾರಂತೆ. ಅದಕ್ಕೆ ತಿಂಗಳ ಕೊನೆಗೆ ದೆಹಲಿಯಿಂದ ಆಡಿಟರ್ ಬರುತ್ತಾರೆ. ಕನ್ನಡ ಬರದು. ಕೆಲಸಗಾರರ ಹತ್ತಿರ ನೇರ ಮಾತಾಡಬೇಕಂತೆ, ನಡುವೆ ಮ್ಯಾನೇಜರ್ ಬಾಯಿ ಹಾಕುವಂತಿಲ್ಲ. ಆಳುಗಳೇ ಇಂಗ್ಲಿಷ್ ಆಡಿದರೆ ಎಸ್ಟೇಟಿನ ಮರ್ಯಾದೆ ಹೆಚ್ಚುತ್ತದೆ ಅಂತ ಸಾಹುಕಾರರು ಟೀಚರನ್ನು ಗೊತ್ತು ಮಾಡಿದ್ದಾರೆ.

"ಯೆಸ್ ಮೇಡಂ, ವೆರಿ ಗುಡ್ ಮೇಡಂ, ಇಷ್ಟು ಬಂದ್ರೆ ಸಾಕು" ಅಂದರು ಕೀರ್ತಿಕುಮಾರ್.

ಅಷ್ಟಕ್ಕೆ ನಾನು ಯಾಕೆ ಅಂತ ಕೇಳಬೇಕೆಂದಿದ್ದೆ. "ಯೆಸ್ ಸಾರ್" ಅಂದು ಬಂದೆ.

ಮೇ 7, ಬುಧವಾರ

ಸಂಜೆ ನಾಲ್ಕೂವರೆಗೆ ಗೋಡೌನಿನಲ್ಲಿ ಮೊದಲ ಕ್ಲಾಸು. ಹದಿನಾಲ್ಕು ಜನ. ಟೀಚರ್ ಹೆಸರು ಧನುಶ್ರೀ, ಸಂಪಾಜೆ ಕಡೆಯ ಹುಡುಗಿ. ಇಪ್ಪತ್ತನಾಲ್ಕೋ ಇಪ್ಪತ್ತೈದೋ ಇರಬೇಕು, ಸ್ಕೂಟರಿನಲ್ಲಿ ಬಂದರು. ಬೋರ್ಡಿಲ್ಲ, ಸೀಮೆಸುಣ್ಣವಿಲ್ಲ, ಪುಸ್ತಕವಿಲ್ಲ. ಒಂದು ಟೋಪಿಯ ತುಂಬ ಮಡಿಸಿದ ಚೀಟಿ.

"ಇದು ಆಟ. ಚೀಟಿ ಯಾರಿಗೂ ತೋರಿಸ್ಬಾರ್ದು. ಇಬ್ಬರ ಚೀಟೀಲಿ ಹುಲಿ ಅಂತಿದೆ. ಎಲ್ಲರೂ ಕಣ್ಣು ಮುಚ್ಚಿದಾಗ ಹುಲಿಗಳು ಮಾತ್ರ ಕಣ್ಣು ಬಿಟ್ಟು ಒಬ್ಬರನ್ನ ತೋರಿಸ್ತವೆ. ಅವರು ಸತ್ರು. ಆಮೇಲೆ ಉಳಿದೋರು ಇಂಗ್ಲಿಷಲ್ಲೇ ಮಾತಾಡಿ ಹುಲಿ ಯಾರು ಅಂತ ಹಿಡೀಬೇಕು."

ಹೆಣ್ಣಾಳುಗಳ ಮೇಸ್ತ್ರಿ ಬೆಳ್ಳಮ್ಮ ಚೀಟಿಯನ್ನು ಟೋಪಿಗೇ ವಾಪಸ್ ಹಾಕಿದಳು. "ಹೊತ್ತು ಇಳಿಯೋ ಹೊತ್ತಲ್ಲಿ ಅದರ ಹೆಸರು ಎತ್ತಬಾರ್ದು ಟೀಚರಮ್ಮ. ಹೋದ ತಿಂಗಳು ಮೇಲಿನ ಲೈನ್ ಮನೆ ಹಟ್ಟಿಯಿಂದ ಹಸ ಎಳಕೊಂಡು ಹೋಗಿದೆ."

ಟೀಚರಮ್ಮ ವಾದ ಮಾಡಲಿಲ್ಲ. ಚೀಟಿಯಲ್ಲಿ ಹುಲಿ ಹೊಡೆದು ತೀಫ್, ಅಂದರೆ ಮೆಣಸು ಕಳ್ಳ ಅಂತ ಮಾಡಿದರು. ಕೊಲ್ಲುವುದಿಲ್ಲ, ಒಬ್ಬರ ಮೆಣಸು ಕದಿಯುವುದು. ಮೆಣಸು ಹೋದವರು ಆಟದಿಂದ ಹೊರಗೆ. ಎಲ್ಲರೂ ವೋಟ್ ಹಾಕುವಾಗ ಕಳ್ಳ ಅಂತ ಯಾರ ಕಡೆ ಕೈ ತೋರಿಸುತ್ತಾರೋ ಅವರೂ ಹೊರಗೆ. ಕನ್ನಡ ಆಡಿದರೆ ಆ ಸುತ್ತು ಬಾಯಿಗೆ ಬೀಗ.

ಕಣ್ಣು ಮುಚ್ಚಿದೆವು, ಬಿಟ್ಟೆವು. "ಪದ್ಮಯ್ಯಾಸ್ ಪೆಪ್ಪರ್ ವಾಸ್ ಸ್ಟೋಲನ್" ಅಂದರು ಟೀಚರಮ್ಮ.

ಜೀಪ್ ಡ್ರೈವರ್ ಪದ್ಮಯ್ಯ ಎದ್ದೇ ನಿಂತ. "ಇದೆಂತ ಮಾರಾಯ್ತಿ, ನನ್ನ ಜೀಪಲ್ಲಿ ಮೆಣಸೇ ಇರ್ಲಿಲ್ಲ!"

ಅವನ ಬಾಯಿಗೆ ಬೀಗ ಬಿತ್ತು. ಉಳಿದ ಹದಿಮೂರು ಜನ ಗಪ್‌ಚುಪ್. ಈ ಗುಡ್ಡದಿಂದ ಆ ಗುಡ್ಡಕ್ಕೆ ಕೂಗಿ ಜಗಳ ಆಡುವ ಹೆಂಗಸರು ನೆಲ ನೋಡುತ್ತ ಕೂತರು. ಕೊನೆಗೆ ಬೆಳ್ಳಮ್ಮ ನನ್ನ ಕಡೆ ಬೆರಳು ತೋರಿಸಿ, "ರೈಟರ್ ತೀಫ್" ಅಂದಳು.

"ವೈ?" ಅಂದರು ಟೀಚರಮ್ಮ.

"ಹಿಸ್ ಇಯರ್ ರೆಡ್."

ಹದಿಮೂರು ತಲೆ ನನ್ನ ಕಿವಿಯ ಕಡೆ ತಿರುಗಿದವು. ಐದೇ ನಿಮಿಷದಲ್ಲಿ ನಾನು ಹೊರಗೆ. 'ಹಿಸ್ ಇಯರ್ಸ್ ಆರ್ ರೆಡ್' ಅನ್ನಬೇಕಿತ್ತು. ಕ್ರಿಯಾಪದವೇ ಇಲ್ಲದ ವಾಕ್ಯ ಹೇಳಿ ನನ್ನನ್ನು ಹೊರಗೆ ಹಾಕಿದರು. ನನ್ನ ಚೀಟಿಯಲ್ಲಿ ತೀಫ್ ಅಂತಲೇ ಇತ್ತು, ಅದು ಬೇರೆ ವಿಷಯ.

ಮೇ 9, ಶುಕ್ರವಾರ

ಇವತ್ತು ನನ್ನ ಚೀಟಿ ಖಾಲಿ. ನಿಜವಾಗಿ ನಿರಪರಾಧಿ. ಆದರೂ ಹೊರಗೆ ಹಾಕಿದರು. ಕಿವಿಯ ಮೇಲೆ ಕೂದಲು ಬಿಡುವ ಯೋಚನೆ ಮಾಡಿದ್ದೇನೆ.

ಮೇ 14, ಬುಧವಾರ

ಒಪ್ಪಲೇಬೇಕು, ಗೋಡೌನಿನಲ್ಲಿ ಸದ್ದು ಜಾಸ್ತಿಯಾಗಿದೆ. ಎಲ್ಲರ ಬಾಯಲ್ಲೂ 'ವೇರ್ ವರ್ ಯೂ'. ಬೆಳಿಗ್ಗೆ ಹಾಜರಿ ಕೂಗುವಾಗ ಒಬ್ಬಳು ತಡವಾಗಿ ಬಂದರೆ ಸಾಲಿನಲ್ಲಿದ್ದವರೆಲ್ಲ ಒಟ್ಟಿಗೆ "ವೇರ್ ವರ್ ಯೂ?" ಅನ್ನುತ್ತಾರೆ. ಅವಳು "ಐ ವಾಸ್ ಸ್ಲೀಪಿಂಗ್" ಅನ್ನುತ್ತಾಳೆ. ಮೊದಲಾಗಿದ್ದರೆ ಅಜ್ಜಿಯ ಕಾಲುನೋವಿನ ಕಥೆ ಬರುತ್ತಿತ್ತು.

ಇವತ್ತು ಪದ್ಮಯ್ಯ ಸಿಕ್ಕಿಬಿದ್ದ.

"ವೇರ್ ವರ್ ಯೂ?" ಬೆಳ್ಳಮ್ಮ ಕೇಳಿದಳು.

"ಐ ವಾಸ್ ಸ್ಲೀಪಿಂಗ್ ಇನ್ ಜೀಪ್."

"ವೇರ್ ವಾಸ್ ಜೀಪ್?"

ಪದ್ಮಯ್ಯ ಮೇಲೆ ಕೆಳಗೆ ನೋಡಿ, "ಜೀಪ್ ವಾಸ್ ಆಲ್ಸೋ ಸ್ಲೀಪಿಂಗ್" ಅಂದ. ನಾನು ನಕ್ಕದ್ದು ನನಗೇ ಕೇಳಿಸಿತು.

ಟೀಚರಮ್ಮ ಹೇಳಿದರು: "ಸುಳ್ಳು ಹೇಳೋರು ಮೊದಲನೇ ಪ್ರಶ್ನೆಗೆ ತಯಾರಾಗಿ ಬರ್ತಾರೆ. ಎರಡನೇ ಪ್ರಶ್ನೆಗೆ ಆಗಿರಲ್ಲ. ಬೆಳ್ಳಮ್ಮ ಅದನ್ನೇ ಕೇಳೋದು." ಆಮೇಲೆ ಪ್ಯಾಸಿವ್ ವಾಯ್ಸ್ ತೆಗೆದರು. "'ಪೆಪ್ಪರ್ ವಾಸ್ ಸ್ಟೋಲನ್.' ನೋಡಿ, ಕದ್ದವರ ಹೆಸರೇ ಇಲ್ಲದೆ ವಾಕ್ಯ ಮುಗೀತು. ಅದಕ್ಕೇ ಆಫೀಸಿನೋರಿಗೆ ಈ ವಾಕ್ಯ ಅಂದ್ರೆ ಪ್ರಾಣ."

ಎಲ್ಲರೂ ನನ್ನ ಕಡೆ ನೋಡಿ ನಕ್ಕರು. ಮನೆಗೆ ಬಂದು ಹೋದ ತಿಂಗಳ ರಿಪೋರ್ಟ್ ತೆಗೆದು ನೋಡಿದೆ. 'ಫೆನ್ಸ್ ವಾಸ್ ರಿಪೇರ್ಡ್', 'ಶೇಡ್ ಟ್ರೀಸ್ ವರ್ ಟ್ರಿಮ್ಡ್', 'ನರ್ಸರಿ ವಾಸ್ ವಾಟರ್ಡ್'. ಹತ್ತೊಂಬತ್ತು ವಾಕ್ಯದಲ್ಲಿ ಹದಿನೇಳು ಹಾಗೇ ಇವೆ. ಇಡೀ ಎಸ್ಟೇಟಿನಲ್ಲಿ ಯಾರೂ ಏನೂ ಮಾಡುತ್ತಿಲ್ಲ, ಎಲ್ಲವೂ ತಾನಾಗಿಯೇ ಆಗುತ್ತಿದೆ.

ಆದರೆ ವ್ಯಾಕರಣದಲ್ಲಿ ಒಂದೂ ತಪ್ಪಿಲ್ಲ.

ಮೇ 18, ಭಾನುವಾರ

ಶಿರಂಗಾಲದಲ್ಲಿ ತಮ್ಮನ ಮನೆಗೆ ಹೋಗಿ ಬಂದೆ. ಬರುವಾಗ ಕುಶಾಲನಗರದಲ್ಲಿ ಇಳಿದು ಎರಡು ಜಿಲೇಬಿ ತಿಂದೆ. ಸಕ್ಕರೆ ಕಾಯಿಲೆಯವನು ತಿನ್ನಬಾರದು, ಗೊತ್ತು. ಆದರೆ ಸುಳ್ಳು ಹೇಳಲು ಅಭ್ಯಾಸ ಬೇಕಲ್ಲ, ಕ್ಲಾಸಿನಲ್ಲಿ ದಿನಾ ಸೋತರೆ ಹೇಗೆ? ಮನೆಯಲ್ಲಿ ಶುರು ಮಾಡೋಣ ಅಂದುಕೊಂಡೆ.

"ಯಾಕೆ ತಡ?" ಅಂದಳು ಕಾಳಮ್ಮ.

"ಬಸ್ ಕೆಟ್ಟಿತ್ತು."

ನನ್ನ ಹೆಂಡತಿ ಕ್ಲಾಸಿಗೆ ಬಂದವಳಲ್ಲ. ಆದರೂ ಕೇಳಿದಳು: "ಎಲ್ಲಿ ಕೆಟ್ಟಿತ್ತು?"

"ಗುಡ್ಡೆಹೊಸೂರಲ್ಲಿ."

"ಮತ್ತೆ ಅಲ್ಲಿ ಯಾರು ನಿಮ್ಮ ಅಂಗಿ ಮೇಲೆ ಪಾಕ ಸುರಿದದ್ದು?"

ಇವಳನ್ನು ಗೋಡೌನಿಗೆ ಕರೆದುಕೊಂಡು ಹೋದರೆ ಬೆಳ್ಳಮ್ಮನೂ ಪ್ರಶ್ನೆ ಕೇಳುವ ಕೆಲಸ ಬಿಡಬೇಕಾಗುತ್ತದೆ. ರಾತ್ರಿಗೆ ಬರೀ ಮುದ್ದೆ, ಸೊಪ್ಪಿನ ಸಾರು.

ಮೇ 21, ಬುಧವಾರ

ಕೀರ್ತಿಕುಮಾರ್ ಹೊಸ ರಿಜಿಸ್ಟರ್ ಒಂದನ್ನು ಮೇಜಿನ ಮೇಲಿಟ್ಟರು. "ರೈಟ್ರೇ, ಔಷಧಿ ಹೊಡೆಯೋರಿಗೆ, ಮೈಲುತುತ್ತು ಕಲಸೋರಿಗೆ ಗ್ಲೌಸು, ಮಾಸ್ಕು ಜನವರೀಲಿ ಕೊಟ್ಟಿದ್ದೀವಿ ಅಂತ ಬರೆದು ಹೆಬ್ಬೆಟ್ಟು ಒತ್ತಿಸಿ."

"ಜನವರಿಯಲ್ಲಿ..." ಅಂದೆ.

"ಎರಡು ಸಲ ಕೇಳಿದೆ, ಸಾಹುಕಾರ್ರು ಒಪ್ಪಲಿಲ್ಲ. ಆಡಿಟ್ ಮುಗೀಲಿ, ತರಿಸೇ ತರಿಸ್ತೀನಿ. ತಾರೀಖು ಸ್ವಲ್ಪ ಹಿಂದೆ ಮುಂದೆ ಆದ್ರೆ ಏನಾಯ್ತು?"

ಅವರು ಕೆಟ್ಟವರಲ್ಲ. ಹೋದ ಮಳೆಗಾಲ ನನಗೆ ಜ್ವರ ಬಂದಾಗ ತಾವೇ ಜೀಪ್ ಓಡಿಸಿ ಮಡಿಕೇರಿಗೆ ಕರೆದುಕೊಂಡು ಹೋದವರು. ಮ್ಯಾನೇಜರ್ ಹೇಳುವುದು, ರೈಟರ್ ಬರೆಯುವುದು, ಅದೇ ಪದ್ಧತಿ. 'ಗ್ಲೌಸ್ ಅಂಡ್ ಮಾಸ್ಕ್ಸ್ ವರ್ ಇಶ್ಯೂಡ್' ಅಂತ ದುಂಡಗೆ ಬರೆದೆ. ಜನವರಿಯ ಶಾಯಿಯಂತೆ ಕಾಣಲಿ ಅಂತ ಹಳೇ ಪೆನ್ನು ಹುಡುಕಿದೆ. ನಾಳೆಯೇ ಹೆಬ್ಬೆಟ್ಟು.

ಮೇ 23, ಶುಕ್ರವಾರ

ಚೀಟಿ ಹಂಚಿದಾಗ ಬೆಳ್ಳಮ್ಮ ನನ್ನ ಹತ್ತಿರ ಬಂದು, "ಬಿಡಿಸಿ ಕೊಡಿ ರೈಟ್ರೇ, ನೀವು ನೋಡಬೇಡಿ" ಅಂದಳು. ನೋಡದೆ ಬಿಡಿಸುವುದು ಹೇಗೆ? ಚೀಟಿ ನೋಡಲಿಲ್ಲ, ಅವಳ ಕೈ ನೋಡಿದೆ. ಬೆರಳ ಸಂದಿ ಎಲ್ಲ ಬಿರುಕು ಬಿಟ್ಟಿದೆ. ಉಗುರು ನೀಲಿಗಟ್ಟಿದೆ. ಮಡಿಸಿದ ಕಾಗದ ಬಿಡಿಸಲು ಆ ಬೆರಳು ಬಗ್ಗುವುದಿಲ್ಲ.

"ಏನಿದು ಬೆಳ್ಳಮ್ಮ?"

"ಮೈಲುತುತ್ತು, ಸುಣ್ಣ. ಬರಿಗೈಲಿ ಕಲಸಿದ್ರೆ ಇನ್ನೇನಾಗತ್ತೆ? ಮೊದಲ ಮಳೆಗೆ ಮುಂಚೆ ಇಡೀ ತೋಟಕ್ಕೆ ಹೊಡೀಬೇಕಲ್ಲ. ಅದಿರಲಿ, ನೆನ್ನೆ ಹೆಬ್ಬೆಟ್ಟು ಒತ್ತಿಸ್ಕೊಂಡ್ರಲ್ಲ, ಅದ್ಯಾತಕ್ಕೆ?"

"ಆಫೀಸ್ ವಿಷಯ."

"ಯಾವ ಆಫೀಸ್ ವಿಷಯ?"

ಕ್ಲಾಸು ಶುರುವಾಯಿತು ಅಂದೆ. ಶುರುವಾಗಿರಲಿಲ್ಲ.

ನನ್ನ ಚೀಟಿ ಇವತ್ತೂ ಖಾಲಿ. ಮೊದಲ ಸುತ್ತಿನಲ್ಲೇ ಎಲ್ಲರ ಕೈ ನನ್ನ ಕಡೆ. "ನೆವರ್ ಸೋ ರೆಡ್" ಅಂದ ಪದ್ಮಯ್ಯ. ನಾನೇ ಎದ್ದು ಹೊರಗೆ ಕೂತೆ.

ಮೇ 28, ಬುಧವಾರ

ನಾಳೆ ಆಡಿಟ್. ಸಾಹುಕಾರರಿಂದ ಮೂರು ಸಲ ಫೋನು. ಸರ್ಟಿಫಿಕೇಟ್ ಸಿಗದಿದ್ದರೆ ಮ್ಯಾನೇಜರನ್ನೇ ಬದಲಾಯಿಸುತ್ತಾರಂತೆ. ಮ್ಯಾನೇಜರ್ ಹೋದರೆ ರೈಟರ್ ಉಳಿಯುತ್ತಾನೆಯೇ? ಈ ಕ್ವಾರ್ಟರ್ಸ್ ಬಿಟ್ಟರೆ ನಮಗೆ ಬೇರೆ ಮನೆಯಿಲ್ಲ. ಕಾಳಮ್ಮನಿಗೆ ಹೇಳಲಿಲ್ಲ. ಆದರೆ ಅವಳು ಎರಡನೇ ಪ್ರಶ್ನೆ ಕೇಳಿ ಎಲ್ಲ ತಿಳಿದುಕೊಂಡಳು. ಆಮೇಲೆ ನನ್ನ ಅಂಗಿಗೆ ಇಸ್ತ್ರಿ ಮಾಡಿಟ್ಟಳು.

ಮೇ 29, ಗುರುವಾರ

ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ. ಯಾರಾದರೂ ಕೇಳಿದರೆ ನಾನು ಮಾಡಿದ್ದು ಇಷ್ಟೇ ಅಂತ ಹೇಳಲು ಬೇಕಾಗುತ್ತದೆ.

ಆಡಿಟರಮ್ಮ ಹನ್ನೊಂದಕ್ಕೆ ಬಂದರು. ಐವತ್ತು ದಾಟಿದವರು, ಕಾಲಿಗೆ ಕ್ಯಾನ್ವಾಸ್ ಶೂ. ನರ್ಸರಿ, ಲೈನ್ ಮನೆ, ಕಾಫಿ ಹಣ್ಣಿನ ಸಿಪ್ಪೆ ಸುಲಿದ ಪಲ್ಪಿಂಗ್ ನೀರು ಹೋಗುವ ಗುಂಡಿ ಎಲ್ಲ ನೋಡಿ ಗೋಡೌನಿಗೆ ಬಂದರು. ನಾವು ಕ್ಲಾಸಿನಲ್ಲಿ ಕೂರುವ ಹಾಗೇ ದುಂಡಗೆ ಕೂತಿದ್ದೆವು. ಬೇರೆ ಥರ ಕೂರುವುದು ಮರೆತೇ ಹೋಗಿತ್ತು. ಟೀಚರಮ್ಮ ಬಾಗಿಲ ಹತ್ತಿರ. ಕೀರ್ತಿಕುಮಾರ್ ಆಡಿಟರಮ್ಮನ ಪಕ್ಕದಲ್ಲೇ ನಿಂತರು.

"ಹೌ ಆರ್ ಯೂ?" ಅಂದರು ಆಡಿಟರಮ್ಮ.

ಹದಿನಾಲ್ಕು ಜನ ಒಟ್ಟಿಗೆ "ವೆರಿ ಗುಡ್ ಮೇಡಂ". ಕೀರ್ತಿಕುಮಾರ್ ಮುಖ ಅರಳಿತು.

"ಹೂ ಮಿಕ್ಸಸ್ ದಿ ಸ್ಪ್ರೇ?"

"ಐ ಮಿಕ್ಸ್" ಅಂದಳು ಬೆಳ್ಳಮ್ಮ. "ಐ ಅಂಡ್ ತ್ರೀ ವಿಮೆನ್."

"ಡು ಯೂ ವೇರ್ ಗ್ಲೌಸ್?"

ಬೆಳ್ಳಮ್ಮ ಕೈ ಸೆರಗಿನೊಳಗೆ ಎಳೆದುಕೊಂಡಳು. ಅಷ್ಟರಲ್ಲಿ, ಬಾಯಿ ಹಾಕುವಂತಿಲ್ಲ ಅನ್ನುವುದನ್ನೂ ಮರೆತು ಕೀರ್ತಿಕುಮಾರ್, "ಮೇಡಂ, ವಿ ಹ್ಯಾವ್ ಗಿವನ್ ಗ್ಲೌಸ್ ಅಂಡ್ ಮಾಸ್ಕ್ಸ್. ಇನ್ ಜನವರಿ. ರಿಜಿಸ್ಟರ್ ಈಸ್ ದೇರ್" ಅಂದರು.

ಆಗ ಬೆಳ್ಳಮ್ಮ ತಲೆಯೆತ್ತಿ ಅವರನ್ನು ನೋಡಿದಳು. ಆ ನೋಟ ನನಗೆ ಗೊತ್ತು. ಮೂರು ವಾರ ಅದನ್ನು ನಾನು ತಿಂದಿದ್ದೇನೆ.

"ಸಾರ್, ವಾಟ್ ಕಲರ್?"

"ವಾಟ್?"

"ಗ್ಲೌಸ್ ಸಾರ್. ವಾಟ್ ಕಲರ್?"

"ಬ್ಲೂ" ಅಂದರು ಕೀರ್ತಿಕುಮಾರ್, ಸ್ವಲ್ಪ ತಡೆದು.

ಪದ್ಮಯ್ಯನಿಗೂ ತಡೆಯಲಾಗಲಿಲ್ಲ. "ಆಲ್ ಥಿಂಗ್ಸ್ ಕಮ್ ಇನ್ ಮೈ ಜೀಪ್, ಸಾರ್. ವಿಚ್ ಡೇ?"

"ಹೂ ಸಾ ಇಟ್?" ಅಂತ ಹಿಂದಿನಿಂದ ಇನ್ನೊಬ್ಬಳು. ಮೂಲೆಯಿಂದ ಯಾರೋ ಮೆಲ್ಲಗೆ "ವೋಟ್?" ಅಂದರು. ಟೀಚರಮ್ಮ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡರು. ಕೀರ್ತಿಕುಮಾರ್ ಹಣೆಯಲ್ಲಿ ಬೆವರು. ಅವರು ಸೀದಾ ನನ್ನ ಕಡೆ ತಿರುಗಿ, "ಆಸ್ಕ್ ಅವರ್ ರೈಟರ್. ವಿ ಹ್ಯಾವ್ ಗಿವನ್, ನೋ?" ಅಂದರು.

ನಾನು ಎದ್ದು ನಿಂತೆ. ಯೆಸ್ ಸಾರ್ ಅನ್ನಬೇಕೆಂದೇ ಬಾಯಿ ತೆರೆದದ್ದು, ದೇವರಾಣೆ. ಆದರೆ ಅವರು ಎರಡನೇ ಸಲ ಅದೇ ತಪ್ಪು ಮಾಡಿದ್ದರು. ನನಗೆ ವ್ಯಾಕರಣದ ತಪ್ಪು ಕೇಳಿದರೆ ಹಲ್ಲು ಜುಂ ಅನ್ನುತ್ತದೆ.

"ಸಾರ್, ಟೆನ್ಸ್ ಮಿಸ್ಟೇಕ್" ಅಂದೆ. "ನಾಟ್ 'ಹ್ಯಾವ್ ಗಿವನ್'. 'ವಿಲ್ ಗಿವ್'. ಫ್ಯೂಚರ್ ಟೆನ್ಸ್."

ಆಡಿಟರಮ್ಮ ರಿಜಿಸ್ಟರ್ ತೆರೆದು ನನ್ನ ಕಡೆ ಹಿಡಿದರು. "ದೆನ್ ವಾಟ್ ಈಸ್ ದಿಸ್?"

"ಮೇಡಂ, ಇಟ್ ವಾಸ್ ರಿಟನ್."

"ಬೈ ಹೂಮ್?"

ಎರಡನೇ ಪ್ರಶ್ನೆ. ನನಗೆ ಶಿರಂಗಾಲದಿಂದ ಬಂದ ದಿನದ ಜಿಲೇಬಿ ಪಾಕ ನೆನಪಾಯಿತು, ಕ್ವಾರ್ಟರ್ಸ್ ನೆನಪಾಯಿತು. ಬೆಳ್ಳಮ್ಮ ಕೈಯನ್ನು ಇನ್ನೂ ಸೆರಗಿನೊಳಗೇ ಇಟ್ಟುಕೊಂಡಿದ್ದಳು.

"ಐ ರೋಟ್ ಇಟ್" ಅಂದೆ. "ಲಾಸ್ಟ್ ವೀಕ್. ಬೆಳ್ಳಮ್ಮ, ಶೋ ಹ್ಯಾಂಡ್."

ಅವಳು ತೋರಿಸಿದಳು. ಆಡಿಟರಮ್ಮ ಆ ಕೈಯನ್ನು ತಮ್ಮ ಎರಡು ಕೈಯಲ್ಲಿ ಹಿಡಿದುಕೊಂಡು ತುಂಬ ಹೊತ್ತು ನೋಡಿದರು. ಆಮೇಲೆ ಪುಸ್ತಕದಲ್ಲಿ ಬರೆದುಕೊಂಡರು. ಹೋಗುವಾಗ ನನ್ನ ಹತ್ತಿರ ನಿಂತು, "ಯುವರ್ ಗ್ರಾಮರ್ ಈಸ್ ಎಕ್ಸಲೆಂಟ್" ಅಂದರು.

ಅಷ್ಟೇ ನಡೆದದ್ದು. ನಾನು ಯಾರ ಮೇಲೂ ದೂರು ಹೇಳಿಲ್ಲ. ಟೆನ್ಸ್ ತಿದ್ದಿದ್ದೇನೆ.

ಮೇ 31, ಶನಿವಾರ

ಸರ್ಟಿಫಿಕೇಟ್ ತೊಂಬತ್ತು ದಿನ ಮುಂದಕ್ಕೆ. ಅಷ್ಟರೊಳಗೆ ಗ್ಲೌಸು, ಮಾಸ್ಕು, ಬೂಟು, ಕೈ ತೊಳೆಯಲು ನಲ್ಲಿ ಎಲ್ಲ ಆಗಬೇಕು. ಆಗ ಮತ್ತೆ ಬರುತ್ತಾರಂತೆ.

ಕೀರ್ತಿಕುಮಾರ್ ಎರಡು ದಿನದಿಂದ ನನ್ನ ಜೊತೆ ಮಾತಿಲ್ಲ. ಹೇಳಬೇಕಾದ್ದನ್ನು ಕಾಗದದ ಚೂರಲ್ಲಿ ಬರೆದು ಮೇಜಿನ ಮೇಲೆ ಇಡುತ್ತಾರೆ. ಇವತ್ತಿನದರಲ್ಲಿ ಎರಡು ಸ್ಪೆಲ್ಲಿಂಗ್ ತಪ್ಪು. ತಿದ್ದಲಿಲ್ಲ. ಇದೂ ಒಂದು ಸಮಯವೇ?

ಕಾಳಮ್ಮ ಟ್ರಂಕು ಕೆಳಗಿಳಿಸಿ ಧೂಳು ಒರೆಸಿಟ್ಟಿದ್ದಾಳೆ. "ಸುಮ್ಮನೆ ಒರೆಸಿದೆ" ಅಂದಳು. ನಾನು ಎರಡನೇ ಪ್ರಶ್ನೆ ಕೇಳಲಿಲ್ಲ.

ಜೂನ್ 9, ಸೋಮವಾರ

ಗ್ಲೌಸು ಬಂತು! ಪದ್ಮಯ್ಯ ಮೈಸೂರಿನಿಂದ ಜೀಪಿನಲ್ಲಿ ತಂದು, ಇಳಿಸುವ ಮೊದಲೇ ಹಾರ್ನ್ ಹೊಡೆದು ಲೈನ್ ಮನೆಯವರನ್ನೆಲ್ಲ ಸೇರಿಸಿದ. ಆದರೆ ಎಲ್ಲವೂ ಗಂಡಸರ ಅಳತೆ. ಬೆಳ್ಳಮ್ಮ ಹಾಕಿಕೊಂಡರೆ ಬೆರಳ ತುದಿಗಳು ಬಾವಲಿಯ ಹಾಗೆ ಜೋತುಬಿದ್ದವು. ಅವಳು ಬಿಚ್ಚಿ ನನ್ನ ಮೇಜಿನ ಮೇಲಿಟ್ಟಳು. "ಟೂ ಬಿಗ್, ರೈಟ್ರೇ. ಬರೀರಿ."

ಬರೆದೆ. ಸಾಹುಕಾರರಿಗೇ. 'ಐ ರಿಕ್ವೆಸ್ಟ್ ಯೂ ಟು ಸೆಂಡ್ ಸ್ಮಾಲ್ ಸೈಜ್.' ಪ್ಯಾಸಿವ್ ಮಾಡಲು ಹೊರಟೆ, ವಾಕ್ಯ ಉದ್ದವಾಯಿತು. ಹಾಗೇ ಈಮೇಲಿನಲ್ಲಿ ಕಳಿಸಿದೆ.

ಮೂರು ಗಂಟೆಗೆ ಸಾಹುಕಾರರ ಫೋನು. ಇಪ್ಪತ್ತೇಳು ವರ್ಷದಲ್ಲಿ ನನಗೆ ಅಂತ ಬಂದದ್ದು ಮೊದಲನೇದು. ಕೆಲಸ ಹೋಯಿತು ಅಂದುಕೊಂಡೇ ಎತ್ತಿದೆ. "ಸ್ಮಾಲ್ ಎಷ್ಟು ಜೊತೆ?" ಅಂದರು. "ಹನ್ನೆರಡು" ಅಂದೆ. ಫೋನ್ ಇಟ್ಟರು.

ಜೂನ್ 13, ಶುಕ್ರವಾರ

ಆಡಿಟ್ ಮತ್ತೆ ಇರುವುದರಿಂದ ಕ್ಲಾಸೂ ಮುಂದುವರಿದಿದೆ. ಮಳೆ ಹಿಡಿದು ನಾಲ್ಕು ದಿನ, ಹೊರಗೆ ಕೆಲಸವಿಲ್ಲ. ಚೀಟಿ ಹಂಚುವಾಗ ಕೀರ್ತಿಕುಮಾರ್ ಕೊಡೆ ಮಡಚುತ್ತ ಒಳಗೆ ಬಂದರು. ಎಲ್ಲರೂ ಎದ್ದು ನಿಂತೆವು. "ಕೂತ್ಕೊಳ್ಳಿ, ಕೂತ್ಕೊಳ್ಳಿ" ಅಂದು ಒಂದು ಮೂಟೆಯ ಮೇಲೆ ಕೂತು, ಟೀಚರಮ್ಮನ ಕಡೆ ಕೈ ಚಾಚಿದರು. "ನಂಗೂ ಒಂದು ಚೀಟಿ ಕೊಡಿ ಮೇಡಂ."

ಕಣ್ಣು ಮುಚ್ಚಿದೆವು, ಬಿಟ್ಟೆವು. ಎಂದಿನಂತೆ ಪದ್ಮಯ್ಯನ ಮೆಣಸು ಹೋಗಿತ್ತು. ಆಮೇಲೆ ಯಾರೂ ಯೋಚಿಸಲೇ ಇಲ್ಲ, ಬೆರಳೆಲ್ಲ ಮ್ಯಾನೇಜರ್ ಕಡೆ.

"ವೇರ್ ವರ್ ಯೂ, ಸಾರ್?" ಬೆಳ್ಳಮ್ಮ ಶುರು ಮಾಡಿದಳು.

"ಐ ವಾಸ್ ಸ್ಲೀಪಿಂಗ್. ಇನ್ ಮೈ ಹೌಸ್. ಅಲೋನ್."

"ಹೌ ಯೂ ನೋ ಅಲೋನ್, ಇಫ್ ಸ್ಲೀಪಿಂಗ್?"

ಗೋಡೌನೆಲ್ಲ ಹೋ ಅಂದಿತು. ಅವರು ಪಾಪ, ಆ ಕಡೆ ಈ ಕಡೆ ನೋಡುತ್ತಿದ್ದರು. ನಾನು ಎದ್ದೆ.

"ನೋ" ಅಂದೆ. "ಟುಡೇ ಹಿ ಈಸ್ ಟೆಲ್ಲಿಂಗ್ ದಿ ಟ್ರೂತ್. ಐ ಹ್ಯಾವ್ ಸೀನ್ ಹಿಸ್ ಲೈಯಿಂಗ್ ಫೇಸ್. ದಿಸ್ ಈಸ್ ನಾಟ್ ದಟ್ ಫೇಸ್."

ಹೇಳಿ ಕೂತ ಮೇಲೆ ಏನು ಹೇಳಿದೆ ಅಂತ ತಿಳಿಯಿತು. ಟೀಚರಮ್ಮನಿಗೆ ಕೆಮ್ಮು ಬಂತು. ಕೀರ್ತಿಕುಮಾರ್ ನನ್ನನ್ನೇ ನೋಡುತ್ತಿದ್ದರು. ವೋಟಾಯಿತು. ನನ್ನೊಬ್ಬನನ್ನು ಬಿಟ್ಟು ಎಲ್ಲ ಕೈ ಅವರ ಕಡೆ. ಅವರು ಚೀಟಿ ಬಿಚ್ಚಿ ತೋರಿಸಿದರು. ಖಾಲಿ. ಇಬ್ಬರು ಕಳ್ಳರಲ್ಲಿ ಒಬ್ಬಳು ಬೆಳ್ಳಮ್ಮನೇ! ಹೊಸ ಗ್ಲೌಸು ಹಾಕಿಕೊಂಡೇ ಕೂತು, ಸೆರಗಿನ ಮರೆಯಲ್ಲಿ ನಗುತ್ತಿದ್ದಳು. ಅಳತೆ ಸರಿಯಾಗಿದೆ.

ಮುಗಿದ ಮೇಲೆ ನನ್ನ ಹತ್ತಿರ ಕೊಡೆ ಇರಲಿಲ್ಲ. ಕೀರ್ತಿಕುಮಾರ್ "ಬನ್ನಿ ರೈಟ್ರೇ" ಅಂದರು. ಎರಡು ವಾರದ ಮೇಲೆ ಬಾಯಲ್ಲಿ ಆಡಿದ ಮೊದಲ ಮಾತು. ಒಂದೇ ಕೊಡೆಯಲ್ಲಿ ಆಫೀಸಿನವರೆಗೆ ನಡೆದೆವು.

"ಅದ್ಯಾವುದು ರೈಟ್ರೇ ನನ್ನ ಸುಳ್ಳಿನ ಮುಖ?"

"ಹುಬ್ಬು ಮೇಲಕ್ಕೆ ಹೋಗ್ತದೆ ಸಾರ್. ಕುತ್ತಿಗೆ ಉದ್ದ ಆಗ್ತದೆ. ಕೆಸುವಿನ ಎಲೆ ಕಂಡ ಮೇಕೆ ಥರ."

ಪದ್ಮಯ್ಯನ ಜೀಪು ನಿಂತಿತ್ತು. ಅದರ ಕನ್ನಡಿಯಲ್ಲಿ ಬಗ್ಗಿ ಹುಬ್ಬೇರಿಸಿ ನೋಡಿಕೊಂಡರು. ಅವರಿಗೇ ನಗು ಬಂತು. ಆಮೇಲೆ ನಗು ನಿಲ್ಲಿಸಿ ಹೇಳಿದರು: "ಸಾಹುಕಾರ್ರು ಕೇಳ್ತಿದ್ದಾರೆ. ಕೈ ತೊಳೆಯೋ ನಲ್ಲಿ ಮುಗೀತು ಅಂತ ಈ ತಿಂಗಳ ರಿಪೋರ್ಟಲ್ಲಿ ಹಾಕಿಬಿಡಿ. ಮಳೆ ಬಿಟ್ಟ ಕೂಡಲೇ ಮಾಡಿಸ್ತೀನಿ."

"ಆಗಲ್ಲ ಸಾರ್" ಅಂದೆ. "ಪೈಪ್ ಮಾತ್ರ ಬಂದು ಬಿದ್ದಿದೆ. ಪೈಪ್ ತಂದಿದ್ದೀವಿ ಅಂತ ಬರೀತೀನಿ."

ಅವರು ಕೊಡೆಯನ್ನು ಸ್ವಲ್ಪ ನನ್ನ ಕಡೆಗೆ ವಾಲಿಸಿದರು. ಗಾಳಿ ನನ್ನ ಕಡೆಯಿಂದ ಬೀಸುತ್ತಿತ್ತು, ಅದಕ್ಕೇ ಇರಬೇಕು.